ಯುರೋಪಿನ ಹಳೆಯ ಬೇಟೆಗತ್ತಿಗಳು: ಗುರುತು ಹಿಡಿಯುವುದು, ಕಾಲ ಹೇಳುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನಿರುವುದು ಜರ್ಮನಿಯ ಡ್ಯುಸೆಲ್ಡಾರ್ಫ್‌ನಲ್ಲಿ. ಕತ್ತಿ, ಚಾಕುಗಳಿಗೆ ಹೆಸರಾದ ಸೋಲಿಂಗೆನ್ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದಾರಿ. ಹಳೆ ಸಾಮಾನಿನ ಸಂತೆಗಳಲ್ಲಿ ಬೇಟೆಗತ್ತಿ ನೋಡುತ್ತಾ ನೋಡುತ್ತಾ ಅದರ ಮೇಲೆ ಪ್ರೀತಿ ಬೆಳೆಯಿತು. ಈಗ ನೆಂಟರು, ಗೆಳೆಯರು ಫೋಟೋ ಕಳಿಸಿ ಕೇಳುತ್ತಾರೆ: "ಇದು ಎಷ್ಟು ಹಳೇದು?" ಒಬ್ಬೊಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಹೆಚ್ಚಿನ ಮಾತು ಜರ್ಮನ್ ಕತ್ತಿಗಳ ಬಗ್ಗೆ, ಯಾಕಂದ್ರೆ ಜನರ ಕೈಗೆ ಸಿಗುವುದು ಅವೇ ಜಾಸ್ತಿ.

ಬೇಟೆಗತ್ತಿ ಅಂದ್ರೆ ಯಾವುದು? ಸೈನಿಕರ ಕತ್ತಿಗಿಂತ ಅದು ಹೇಗೆ ಬೇರೆ?

ಜರ್ಮನ್ನರು ಇದನ್ನು 'ಹಿರ್ಷ್‌ಫೆಂಗರ್' ಅನ್ನುತ್ತಾರೆ. ಹಿರ್ಷ್ ಅಂದ್ರೆ ಸಾರಂಗ, ಫೆಂಗರ್ ಅಂದ್ರೆ ಹಿಡಿಯುವಂಥದ್ದು. ಅಲಗು ಸಾಮಾನ್ಯವಾಗಿ 40ರಿಂದ 60 ಸೆಂಟಿಮೀಟರ್. ಬಹುಪಾಲು ನೇರ, ಕೆಲವು ಸ್ವಲ್ಪ ಬಾಗಿದ್ದು. ಹಿಡಿಗೆ ಸಾರಂಗದ ಕೊಂಬು, ಪುಟ್ಟ ಅಡ್ಡಪಟ್ಟಿ, ಅದರ ಕೆಳಗೆ ಕಪ್ಪೆಚಿಪ್ಪಿನ ಆಕಾರದ ಲೋಹದ ತಗಡು. ಈ ಚಿಪ್ಪು ಅಲಗಿನ ಕಡೆಗೆ ಬಾಗಿರುತ್ತದೆ. ಚಿಪ್ಪಿನ ಮೇಲೆ ಜಿಂಕೆ, ನಾಯಿ, ಕಾಡುಹಂದಿ ಅಥವಾ ಓಕ್ ಎಲೆ ಇದ್ದರೆ ಅದು ಬೇಟೆಯವನದ್ದೇ. ಕೊಂಬುಗಳ ನಡುವೆ ಶಿಲುಬೆ ಇರುವ ಸಾರಂಗ ಕಂಡರೆ ಅದು ಬೇಟೆಗಾರರನ್ನು ಕಾಯುವ ಸಂತ ಹ್ಯೂಬರ್ಟ್‌ನ ಗುರುತು.

ಒಂದು ಕಡೆ ಎಡವಟ್ಟಾಗುತ್ತದೆ. ಜರ್ಮನ್ ಸೈನ್ಯದ ಯೇಗರ್ ದಳಗಳೂ ಹಿರ್ಷ್‌ಫೆಂಗರ್ ಹೆಸರಿನ ಕತ್ತಿಯನ್ನೇ ಕಟ್ಟಿಕೊಳ್ಳುತ್ತಿದ್ದವು. ಆ ದಳಗಳಿಗೆ ಕಾಡು ಕಾಯುವವರನ್ನು, ಬೇಟೆಗಾರರನ್ನು ಸೇರಿಸಿಕೊಳ್ಳುತ್ತಿದ್ದರು. ಹಿಡಿಯ ತುದಿಯಲ್ಲಿ ಬಂದೂಕಿಗೆ ಸಿಕ್ಕಿಸುವ ತೋಡೂ ಸ್ಪ್ರಿಂಗೂ ಇದ್ದರೆ ಅದು ಬಯೊನೆಟ್. ಅದು ಬೇಟೆಗೆ ಮಾಡಿದ್ದಲ್ಲ.

ಬೇರೆ ಬಗೆಗಳೂ ಇವೆಯಾ?

ಇವೆ. 'ವೈಡ್‌ಬ್ಲಾಟ್' ಅಗಲ ಅಲಗಿನ, ಭಾರದ ಮಚ್ಚು. ಬಿದ್ದ ಪ್ರಾಣಿಯನ್ನು ಹಸನು ಮಾಡಲು, ಮೂಳೆ ಕಡಿಯಲು ಬಳಸುತ್ತಿದ್ದರು. ಒಳ್ಳೆಯ ಸೆಟ್‌ನಲ್ಲಿ ಅದೇ ಒರೆಯ ಜೇಬುಗಳಲ್ಲಿ ಸಣ್ಣ ಚಾಕು, ಮುಳ್ಳುಚಮಚ ಇರುತ್ತವೆ. 'ನಿಕರ್' ಸಣ್ಣ ಚಾಕು. ಗಾಯಗೊಂಡ ಪ್ರಾಣಿಯ ಕತ್ತಿನ ಹಿಂಭಾಗಕ್ಕೆ ಚುಚ್ಚಿ ಬೇಗ ಜೀವ ತೆಗೆಯಲು ಮಾಡಿದ್ದು. ಇನ್ನು ಬೇಟೆಗತ್ತಿಗೆ ಫ್ರೆಂಚರಲ್ಲಿ 'ದಾಗ್', ಇಂಗ್ಲಿಷರಲ್ಲಿ 'ಹ್ಯಾಂಗರ್' ಅನ್ನುತ್ತಾರೆ.

ಇದರಲ್ಲಿ ನಿಜವಾಗಿ ಬೇಟೆ ಆಡುತ್ತಿದ್ದರಾ, ಸುಮ್ನೆ ಅಲಂಕಾರಕ್ಕಾ?

ಎರಡೂ. ನಾಯಿಗಳು ಸಾರಂಗವನ್ನೋ ಹಂದಿಯನ್ನೋ ದಣಿಸಿ ತಡೆದು ನಿಲ್ಲಿಸುತ್ತಿದ್ದವು. ಬೇಟೆಗಾರ ಹತ್ತಿರ ಹೋಗಿ ಭುಜದ ಹಿಂದೆ ಚುಚ್ಚಿ ಮುಗಿಸುತ್ತಿದ್ದ. ಹತ್ತಿರದಿಂದ ಗುಂಡು ಹೊಡೆದರೆ ನಾಯಿಗಳಿಗೆ ತಗಲುವ ಭಯ ಇತ್ತು.

ಜೊತೆಗೆ ಇದು ಗೌರವದ ಗುರುತು. 18ನೇ ಶತಮಾನದಲ್ಲಿ ಬೇಟೆ ಕಸುಬು ಕಲಿಯುವ ಹುಡುಗ ಕಲಿಕೆ ಮುಗಿಸಿದ ದಿನ ಗುರುವಿನ ಕೈಯಿಂದ ಹಿರ್ಷ್‌ಫೆಂಗರ್ ಪಡೆಯುತ್ತಿದ್ದ. ವೈಡ್‌ಬ್ಲಾಟ್‌ಗೆ ಇನ್ನೊಂದು ಕೆಲಸ ಇತ್ತು. ಬೇಟೆಗಾರರಿಗೆ ಅವರದೇ ಮಾತುಗಳಿದ್ದವು. ಆ ಮಾತು ತಪ್ಪಿ ಆಡಿದವನನ್ನು ಬಿದ್ದ ಸಾರಂಗದ ಮೇಲೆ ಬೋರಲು ಮಲಗಿಸಿ, ವೈಡ್‌ಬ್ಲಾಟ್‌ನ ಚಪ್ಪಟೆ ಭಾಗದಿಂದ ಮೂರು ಏಟು ಹಾಕುತ್ತಿದ್ದರು! ಕೊಡಗಿನ ಪೀಚೆಕತ್ತಿ ಕಂಡವರಿಗೆ ಈ ಗೌರವದ ಮಾತು ಸುಲಭವಾಗಿ ಅರ್ಥವಾಗುತ್ತದೆ. ಸೊಂಟದಲ್ಲಿ ಕತ್ತಿ ಇದ್ದರೆ ಆಳು ಯಾರು ಅಂತ ಕೇಳಬೇಕಾಗಿಲ್ಲ.

ಕತ್ತಿ ಕೈಗೆ ಬಂದ ಕೂಡಲೇ ಮೊದಲು ಏನು ನೋಡಬೇಕು?

ಎಲ್ಲರೂ ಮುದ್ರೆ ಹುಡುಕುತ್ತಾರೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಕಾರಣ ಇಷ್ಟೇ: ಹಳೆ ಕತ್ತಿಗೆ ಒಂದೇ ವಯಸ್ಸು ಇರಬೇಕು ಅಂತೇನಿಲ್ಲ. ಅಲಗಿಗೆ ಒಂದು ವಯಸ್ಸು, ಹಿಡಿಗೆ ಒಂದು, ಒರೆಗೆ ಇನ್ನೊಂದು ಇರಬಹುದು. ಒಳ್ಳೆ ಅಲಗನ್ನು ಯಾರೂ ಎಸೆಯುತ್ತಿರಲಿಲ್ಲ. ಅಜ್ಜನ ಅಲಗಿಗೆ ಮೊಮ್ಮಗ ಹೊಸ ಕಾಲದ ಹಿಡಿ ಹಾಕಿಸುತ್ತಿದ್ದ. ಮುದ್ರೆ ಹೇಳುವುದು ಅಲಗಿನ ಕಥೆ ಮಾತ್ರ.

ಹಾಗಾಗಿ ಮೊದಲು ಕತ್ತಿ ಒರೆಗೆ ಸರಿಯಾಗಿ ಕೂರುತ್ತದಾ ನೋಡಿ. ಚಿಪ್ಪಿನ ಬಾಗು ಒರೆಯ ಬಾಯಿಗೆ ಹೊಂದುತ್ತದಾ? ಅಡ್ಡಪಟ್ಟಿ ಮತ್ತು ಅಲಗಿನ ನಡುವೆ ಸಂದು ಇದೆಯಾ? ಆಮೇಲೆ ಹಿಡಿಯ ತುದಿಗೆ ಬನ್ನಿ. ಅಲಗಿನ ಬಾಲ ಹಿಡಿಯ ಒಳಗಿಂದ ಹಾದು ತುದಿಯಲ್ಲಿ ಹೊರಬರುತ್ತದೆ. ಹಳೆಯವರು ಆ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ಬಿಗಿಯುತ್ತಿದ್ದರು. ತಿರುಪಿನಂತೆ ತಿರುಗಿಸಿ ಬಿಗಿಯುವ ನಟ್ ಇದ್ದರೆ ಅದು ಬಹುಮಟ್ಟಿಗೆ 19ನೇ ಶತಮಾನದ ಕೊನೆಯ ಭಾಗ ಅಥವಾ ಆಮೇಲಿನದು. ಬಡಿದ ತುದಿಯ ಸುತ್ತ ಹೊಸ ಸುತ್ತಿಗೆ ಗುರುತು, ಹೊಳೆಯುವ ಗೀರು ಕಂಡರೆ ಯಾರೋ ಇತ್ತೀಚೆಗೆ ಬಿಚ್ಚಿ ಜೋಡಿಸಿದ್ದಾರೆ.

ಅಲಗಿನ ಮೇಲೆ 1414 ಅಂತ ಇದೆ. 600 ವರ್ಷ ಹಳೆಯದಾ?

ಅಲ್ಲ. ಈ ಪ್ರಶ್ನೆ ನನಗೆ ತುಂಬಾ ಸಲ ಬಂದಿದೆ. 1414 ಇಸವಿಯಲ್ಲ, ರಕ್ಷೆಯ ಅಂಕಿಯ ಹಾಗೆ ಹೊಡೆಯುತ್ತಿದ್ದದ್ದು. ಆ ಅಂಕಿ ಇರುವ ಅಲಗುಗಳು ಎಷ್ಟೋ 17ನೇ ಶತಮಾನದವು. ಸೂರ್ಯ, ಚಂದ್ರ, ನಕ್ಷತ್ರಗಳನ್ನೂ ಹೀಗೇ ಕೆತ್ತುತ್ತಿದ್ದರು. ಕತ್ತಿ ಹಿಡಿದವನಿಗೆ ಒಳ್ಳೆಯದಾಗಲಿ ಅನ್ನುವ ನಂಬಿಕೆ.

ಓಡುವ ತೋಳದ ಗುರುತಿನ ಕಥೆಯೂ ಇಂಥದ್ದೇ. ಉಳಿಯಲ್ಲಿ ನಾಲ್ಕೈದು ಗೀರು ಹೊಡೆದು ಅದರಲ್ಲಿ ಹಿತ್ತಾಳೆ ತಂತಿ ಕೂರಿಸಿರುತ್ತಾರೆ. ತೋಳ ಅಂತ ಹೇಳಿದ ಮೇಲೇ ತೋಳ ಅನ್ನಿಸುವುದು. ಅದು ಮೊದಲು ಪಸ್ಸಾವ್ ಊರಿನ ಕಮ್ಮಾರರದ್ದು. ಅದಕ್ಕೆ ಒಳ್ಳೆ ಹೆಸರಿದ್ದದ್ದರಿಂದ ಸೋಲಿಂಗೆನ್‌ನವರೂ ಹೊಡೆಯತೊಡಗಿದರು. ಆದ್ದರಿಂದ ತೋಳ ಕಂಡ ಮಾತ್ರಕ್ಕೆ ಊರನ್ನೂ ಕಾಲವನ್ನೂ ಹೇಳಲಾಗದು. ಜರ್ಮನ್ ಅಲಗುಗಳು ನಮ್ಮ ದಖ್ಖನ್‌ಗೂ ಬಂದಿದ್ದವು. ಮರಾಠರು ಯುರೋಪಿನ ಅಲಗಿಗೆ ಇಲ್ಲಿಯ ಹಿಡಿ ಹಾಕಿಸಿ 'ಫಿರಂಗಿ' ಅನ್ನುತ್ತಿದ್ದರು. ಅಲಗಿನ ವಯಸ್ಸೇ ಬೇರೆ, ಹಿಡಿಯ ವಯಸ್ಸೇ ಬೇರೆ ಅನ್ನಲು ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಯಾವ ಬರಹ, ಯಾವ ಮುದ್ರೆ ಕಾಲವನ್ನು ಗಟ್ಟಿಯಾಗಿ ಹೇಳುತ್ತದೆ?

ಮುದ್ರೆ ಸಾಮಾನ್ಯವಾಗಿ "ಇದಕ್ಕಿಂತ ಹಳೆಯದಲ್ಲ" ಅನ್ನುವುದನ್ನು ಹೇಳುತ್ತದೆ. ಅಷ್ಟೇ ಸಾಕಷ್ಟು ಉಪಯೋಗ.

'ಜರ್ಮನಿ' ಅಂತ ಇಂಗ್ಲಿಷ್‌ನಲ್ಲಿ ಇದ್ದರೆ ಅದು ರಫ್ತಿಗೆ ಮಾಡಿದ್ದು. ಬ್ರಿಟನ್ 1887ರಲ್ಲಿ, ಅಮೆರಿಕ 1890ರ ಕಾನೂನಿನಿಂದ, ಹೊರಗಿನ ಸರಕಿನ ಮೇಲೆ ದೇಶದ ಹೆಸರು ಇರಬೇಕು ಅಂದವು. ಹಾಗಾಗಿ ಆ ಪದ ಇದ್ದರೆ 1880ರ ದಶಕದ ಕೊನೆಯಿಂದ ಈಚೆಗೆ. ಜರ್ಮನಿಯೊಳಗೇ ಮಾರಿದ ಕತ್ತಿಗೆ ಈ ಪದ ಬೇಕಿರಲಿಲ್ಲ. ಪದ ಇಲ್ಲ ಅಂದ ಮಾತ್ರಕ್ಕೆ ಹಳೆಯದು ಅನ್ನಬೇಡಿ. 'ಪಶ್ಚಿಮ ಜರ್ಮನಿ' ಇದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನದು, ಎಷ್ಟೇ ಕಪ್ಪಾಗಿರಲಿ. 'ಡಿ.ಆರ್.ಜಿ.ಎಂ.' ಅಂದರೆ ಜರ್ಮನಿಯಲ್ಲಿ ವಿನ್ಯಾಸವನ್ನು ನೋಂದಾಯಿಸಿದ ಗುರುತು, ಆ ಅಕ್ಷರಗಳು 1891ರಿಂದ ಶುರು. 'ರೋಸ್ಟ್‌ಫ್ರೈ', ಅಂದರೆ ತುಕ್ಕು ಹಿಡಿಯದ್ದು ಅಂತ ಇದ್ದರೆ ಅದು ಸ್ಟೇನ್‌ಲೆಸ್ ಸ್ಟೀಲ್. ಅಂಥ ಉಕ್ಕು ಬಂದದ್ದೇ 1912-13ರ ಸುಮಾರಿಗೆ.

ಕಂಪನಿ ಮುದ್ರೆಗಳಲ್ಲಿ ಐಕ್‌ಹಾರ್ನ್‌ನ ಅಳಿಲು, ಹೆಂಕೆಲ್ಸ್‌ನ ಅವಳಿ ಮಕ್ಕಳು, ವೇಯರ್ಸ್‌ಬರ್ಗ್ ಕಿರ್ಷ್‌ಬಾಮ್‌ನ ರಾಜನ ತಲೆ ಮತ್ತು ಶಿರಸ್ತ್ರಾಣದ ತಲೆ ತುಂಬಾ ಸಿಗುತ್ತವೆ. ಅವಳಿ ಮಕ್ಕಳ ಗುರುತು 1731ರಲ್ಲಿ ದಾಖಲಾಗಿ ಇವತ್ತಿಗೂ ನಡೆಯುತ್ತಿದೆ. ಅದೊಂದರಿಂದ ಕಾಲ ತಿಳಿಯದು. ಅಳಿಲಿನ ಚಿತ್ರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ, ಅದರ ಆಕಾರ ಹೋಲಿಸಿ ನೋಡಿದರೆ ಉಪಯೋಗ ಇದೆ. ಫ್ರಾನ್ಸಿನ ಅಲ್ಸಾಸ್‌ನ ಕ್ಲಿಂಗೆನ್‌ಥಾಲ್ ಕಾರ್ಖಾನೆ ಶುರುವಾದದ್ದು 1730ರಲ್ಲಿ. ಅಲ್ಲಿಯ ಅಲಗುಗಳ ಬೆನ್ನಿನ ಮೇಲೆ ಸಣ್ಣ ಅಕ್ಷರದ ಬರಹ ಇರಬಹುದು. ಅದರಲ್ಲಿ ರಾಜರ ಕಾರ್ಖಾನೆ ಅಂತಿದೆಯಾ, ಚಕ್ರವರ್ತಿಯ ಕಾರ್ಖಾನೆ ಅಂತಿದೆಯಾ ನೋಡಿದರೆ ಯಾರ ಆಳ್ವಿಕೆ ಅಂತ ತಿಳಿಯುತ್ತದೆ.

ಬೆಳ್ಳಿಯ ಭಾಗಗಳಿದ್ದರೆ ಅದೃಷ್ಟ. ಲಂಡನ್ ಬೆಳ್ಳಿಯ ಮೇಲೆ ವರ್ಷಕ್ಕೊಂದು ಅಕ್ಷರ ಇರುತ್ತದೆ. ಫ್ರೆಂಚ್ ಬೆಳ್ಳಿಯಲ್ಲಿ ಮಿನರ್ವಾ ದೇವಿಯ ತಲೆ ಇದ್ದರೆ 1838ರ ಈಚೆ. ಜರ್ಮನ್ ಬೆಳ್ಳಿಯಲ್ಲಿ ಅರ್ಧಚಂದ್ರ, ಕಿರೀಟ ಮತ್ತು 800 ಅನ್ನುವ ಶುದ್ಧತೆಯ ಅಂಕಿ ಇದ್ದರೆ 1888ರ ಈಚೆ.

ಮುದ್ರೆಯೇ ಇಲ್ಲದಿದ್ದರೆ?

ಆಗ ಲೋಹ ನೋಡಿ. ಜರ್ಮನ್ ಸಿಲ್ವರ್ ಅನ್ನುತ್ತೇವಲ್ಲ, ಅದು ಬೆಳ್ಳಿಯಲ್ಲ, ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಅದು ಮಾರುಕಟ್ಟೆಗೆ ಬಂದದ್ದು 1820ರ ದಶಕದಲ್ಲಿ. ಅದರ ಅಡ್ಡಪಟ್ಟಿ ಇದ್ದ ಕತ್ತಿಯನ್ನು 1750ರದ್ದು ಅಂದರೆ ನಂಬಬೇಡಿ. ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪ ಇದ್ದು, ಅಂಚುಗಳಲ್ಲಿ ಸವೆದು ಹಳದಿ ಇಣುಕುತ್ತಿದ್ದರೆ 19ನೇ ಶತಮಾನದ ಎರಡನೇ ಅರ್ಧ ಅಥವಾ ಆಮೇಲೆ.

ಅಲಂಕಾರದ ರುಚಿಯೂ ಹೇಳುತ್ತದೆ. ಸುರುಳಿ, ಶಂಖ, ವಕ್ರವಾದ ಎಲೆ ಬಳ್ಳಿಗಳಿದ್ದರೆ 18ನೇ ಶತಮಾನದ ನಡುಭಾಗದ ರೊಕೊಕೊ ಶೈಲಿ. 1770ರ ನಂತರ ಗೆರೆಗಳು ನೇರವಾಗುತ್ತವೆ, ಹೂಜಿ, ಹಾರ, ಕಂಬಗಳು ಬರುತ್ತವೆ. ಪಿಂಗಾಣಿ ಹಿಡಿ ಕೂಡ 18ನೇ ಶತಮಾನದ ಶ್ರೀಮಂತರ ಖಯಾಲಿ. ಕೊಂಬಿನ ಹಿಡಿಗೆ ಸಾಲಾಗಿ ಮೂರು ಹಿತ್ತಾಳೆ ಓಕ್ ಕಾಯಿ ಬಡಿದದ್ದು ಕಂಡರೆ ಬಹುಮಟ್ಟಿಗೆ 19ನೇ ಶತಮಾನ ಅಥವಾ 20ರ ಮೊದಲ ಅರ್ಧ.

ಆ ಬಗೆ ಇಷ್ಟೊಂದು ಸಿಗಲು ಕಾರಣ ಇದೆ. 1848ರ ಕ್ರಾಂತಿಯಲ್ಲಿ, ಬೇರೆಯವರ ಜಮೀನಿನಲ್ಲಿ ಬೇಟೆ ಆಡುವ ಹಕ್ಕನ್ನು ಜರ್ಮನ್ ಕುಲೀನರು ಕಳೆದುಕೊಂಡರು. ಊರಿನ ವೈದ್ಯರು, ವ್ಯಾಪಾರಿಗಳು, ರೈತರೂ ಬೇಟೆಗೆ ಇಳಿದರು. ಅವರಿಗೂ ಒಂದು ಹಿರ್ಷ್‌ಫೆಂಗರ್ ಬೇಕಾಯಿತು. ಸೋಲಿಂಗೆನ್ ಮಾಡಿಕೊಟ್ಟಿತು.

ಅಲಗಿನ ಮೇಲಿನ ಚಿತ್ರ ಕೈಕೆಲಸವಾ ಅಂತ ಹೇಗೆ ಗೊತ್ತಾಗುತ್ತದೆ?

ಭೂತಗನ್ನಡಿ ಬೇಕು. ಉಳಿಯಲ್ಲಿ ಕೆತ್ತಿದ ಗೆರೆಯ ತಳ 'ವಿ' ಆಕಾರದಲ್ಲಿ ಚೂಪು, ಗೆರೆ ಕೊನೆಗೆ ಸಣ್ಣಗಾಗುತ್ತದೆ. ಆಸಿಡ್ ತಿನ್ನಿಸಿದ ಗೆರೆಯ ತಳ ತರಿತರಿ. ಆಸಿಡ್ ಕೆಲಸ 16ನೇ ಶತಮಾನದಲ್ಲೂ ಇತ್ತು, ಅದೊಂದರಿಂದ ಹೊಸದು ಅನ್ನಬೇಡಿ. ಆದರೆ ಎಲೆಗಳೆಲ್ಲ ಅಚ್ಚು ಹಾಕಿದಂತೆ ಒಂದೇ ಥರ, ಹಿನ್ನೆಲೆ ಸಮನಾದ ಬೂದು ಮಂಜು ಬಣ್ಣ ಇದ್ದರೆ ಅದು ಕಾರ್ಖಾನೆ ಕಾಲದ್ದು.

ಹಿಡಿ ದಂತದ್ದಾ, ಮೂಳೆಯದ್ದಾ, ಪ್ಲಾಸ್ಟಿಕ್ಕಾ?

ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. ಸೆಲ್ಯುಲಾಯ್ಡ್ ಹಿಡಿಯಾಗಿದ್ದರೆ ಹೊತ್ತಿಕೊಳ್ಳುತ್ತದೆ. ಬೇರೆ ಏನೇ ಆಗಿದ್ದರೂ ತೂತು ಉಳಿಯುತ್ತದೆ. ಹಿಡಿಯ ಅಡ್ಡಕೊಯ್ತದ ಕಡೆ ನೋಡಿ. ಆನೆದಂತದಲ್ಲಿ ಒಂದನ್ನೊಂದು ಕತ್ತರಿಸುವ ಬಾಗಿದ ಗೆರೆಗಳ ಬಲೆ ಕಾಣುತ್ತದೆ. ಮೂಳೆಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀರು. ಸೆಲ್ಯುಲಾಯ್ಡ್‌ನಲ್ಲಿ ಸ್ಕೇಲ್ ಇಟ್ಟು ಎಳೆದಂತೆ ಸಮಾನಾಂತರ ಗೆರೆ, ಬಟ್ಟೆಯಲ್ಲಿ ಉಜ್ಜಿದರೆ ಕರ್ಪೂರದ ವಾಸನೆ. ಅದು 1870ರ ಈಚಿನ ವಸ್ತು.

ಕೊಂಬಿನ ಬಗ್ಗೆ ಒಂದು ಮಾತು. ಎಲ್ಲ ಕೊಂಬೂ ಯುರೋಪಿನ ಸಾರಂಗದ್ದಲ್ಲ. ಭಾರತದ ಕಡವೆ ಕೊಂಬು ಒಳಗೆ ಗಟ್ಟಿ. ಆ ಗುಣಕ್ಕಾಗಿ ಅದು ಶೆಫೀಲ್ಡ್, ಸೋಲಿಂಗೆನ್‌ಗಳ ಚಾಕು ಹಿಡಿಗಳಿಗೆ ರಾಶಿ ರಾಶಿ ಹೋಗುತ್ತಿತ್ತು. ಬಂಡೀಪುರದಲ್ಲಿ ಕಂಡ ಅದೇ ಕಡವೆಯ ಬಂಧುವಿನ ಕೊಂಬು ಇಲ್ಲಿ ರೈನ್ ನದಿ ದಂಡೆಯ ಸಂತೆಯಲ್ಲಿ ಕೈಗೆ ಸಿಗುವಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ.

ಒಂದು ಕತ್ತಿಯನ್ನು ಹಂತ ಹಂತವಾಗಿ ನೋಡಿ ತೋರಿಸುತ್ತೀರಾ?

ನನ್ನ ಹೆಂಡತಿಯ ಸೋದರಮಾವನದು ಸಕಲೇಶಪುರದ ಕಡೆ ಕಾಫಿ ತೋಟ. ಒಂದು ದಸರಾಕ್ಕೆ ಹೋಗಿದ್ದಾಗ ಆಯುಧಪೂಜೆಯಲ್ಲಿ ಸ್ಪ್ಯಾನರು, ಗರಗಸಗಳ ಪಕ್ಕ ಒಂದು ಕತ್ತಿ ಕಂಡಿತು. "ಅಳಿಯಂದ್ರೇ, ಅದು ಮುನ್ನೂರು ವರ್ಷದ್ದು, ಟಿಪ್ಪು ಕಾಲದಲ್ಲಿ ಫ್ರೆಂಚರು ಬಿಟ್ಟು ಹೋದದ್ದು," ಅಂದರು. ಪೂಜೆ ಮುಗಿದ ಮೇಲೆ ಕೇಳಿ ತೆಗೆದುಕೊಂಡು ಜಗಲಿಯ ಬೆಳಕಿಗೆ ತಂದೆ.

ಅಲಗು 39 ಸೆಂಟಿಮೀಟರ್. ಬುಡದಲ್ಲಿ ಬೆನ್ನಿನ ದಪ್ಪ 6 ಮಿಲಿಮೀಟರ್. ಎರಡೂ ಕಡೆ ಉದ್ದಕ್ಕೆ ತೋಡು. ಒಂದು ಬದಿ ಓಡುವ ಸಾರಂಗ, ಹಿಂದೆ ಎರಡು ನಾಯಿ. ಇನ್ನೊಂದು ಬದಿ ಹಂದಿ. ಹಿನ್ನೆಲೆ ಸಮನಾದ ಬೂದು. ಅಲ್ಲಿಗೆ 18ನೇ ಶತಮಾನದ ಮಾತು ದುರ್ಬಲವಾಯಿತು. ಚಿಪ್ಪು ಹಿತ್ತಾಳೆಯದು, ಮೇಲೆ ನಿಕ್ಕಲ್, ಸಾರಂಗದ ಮೂಗಿನ ತುದಿಯಲ್ಲಿ ಸವೆದಿತ್ತು. ಹಿಡಿಯ ತುದಿ ಬಡಿದದ್ದು, ಬಿಚ್ಚಿದ ಗುರುತಿಲ್ಲ. ಅಂದರೆ ಅಲಗೂ ಹಿಡಿಯೂ ಹುಟ್ಟಿದಾಗಿನಿಂದ ಜೊತೆಗಿವೆ. ಕೊನೆಗೆ ಅಲಗಿನ ಬುಡ ನೋಡಿದೆ. ಕುಂಕುಮದ ಕೆಳಗೆ ಎರಡು ಪುಟ್ಟ ತಲೆ, ಒಂದಕ್ಕೆ ಕಿರೀಟ, ಒಂದಕ್ಕೆ ಶಿರಸ್ತ್ರಾಣ. ವೇಯರ್ಸ್‌ಬರ್ಗ್ ಮತ್ತು ಕಿರ್ಷ್‌ಬಾಮ್ ಒಂದಾದದ್ದು 1883ರಲ್ಲಿ. ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಒರೆ ಕಪ್ಪು ಚರ್ಮದ್ದು. ಹೊಲಿಗೆ ನೈಲಾನ್ ದಾರದ್ದು, ಪೇಟೆಯಲ್ಲಿ ಯಾರೋ ಹೊಲಿದುಕೊಟ್ಟದ್ದು. ಆದರೆ ಒರೆಯ ಬಾಯಿಯ ಲೋಹ ಚಿಪ್ಪಿಗೆ ಉಗುರು ತೂರದಷ್ಟು ಹೊಂದುತ್ತಿತ್ತು. ಅದರ ಹಿಂಬದಿಯಲ್ಲಿ ಎರಡು ಅಕ್ಷರ, ಕೆಳಗೆ 1904. ಯಾರೋ ಯಾರಿಗೋ ಉಡುಗೊರೆ ಕೊಟ್ಟದ್ದು. ಹಾಗಾಗಿ ಕತ್ತಿ 1883ರಿಂದ 1904ರ ಒಳಗಿನದು. ಉಡುಗೊರೆಗೆ ಹೊಸದನ್ನೇ ಕೊಡುವುದು ವಾಡಿಕೆ, ಆದ್ದರಿಂದ 1904ರ ಹತ್ತಿರವೇ ಇರಬೇಕು. ಮಾವನಿಗೆ ಮೊದಲು ಬೇಜಾರಾಯಿತು. ಆಮೇಲೆ ಆ ಎರಡು ಅಕ್ಷರವನ್ನು ಭೂತಗನ್ನಡಿಯಲ್ಲಿ ತುಂಬಾ ಹೊತ್ತು ನೋಡುತ್ತಾ ಕೂತರು.

ನಕಲು ಎಷ್ಟರ ಮಟ್ಟಿಗೆ ಇದೆ?

ಜಾಸ್ತಿಯೇ ಇದೆ. ಹಳೆಯ ನಕಲುಗಳೂ ಇವೆ. ಮ್ಯೂನಿಕ್‌ನಲ್ಲಿ ಅರ್ನ್ಸ್ಟ್ ಶ್ಮಿಟ್ ಅನ್ನುವವರ ಕಾರ್ಯಾಗಾರ 19ನೇ ಶತಮಾನದ ಕೊನೆಯಲ್ಲಿ ಹಳೆ ಶೈಲಿಯ ಆಯುಧಗಳನ್ನು ಕ್ಯಾಟಲಾಗ್ ಹಾಕಿ ರಾಜಾರೋಷವಾಗಿ ಮಾರುತ್ತಿತ್ತು. ಆ ಪ್ರತಿಗಳಿಗೇ ಈಗ ನೂರು ವರ್ಷ ದಾಟಿದೆ, ತುಕ್ಕೂ ಹಿಡಿದಿದೆ. ಕೆಲಸ ಚೆನ್ನಾಗಿದೆ, ಬೆಲೆಯೂ ಇದೆ. ಆದರೆ 16ನೇ ಶತಮಾನದ್ದು ಅಂತ ದುಡ್ಡು ಕೊಡಬೇಡಿ.

ಹೊಸ ಮೋಸದಲ್ಲಿ ತುಕ್ಕನ್ನು ನೋಡಿ. ನಿಜವಾದ ತುಕ್ಕು ಒಂದು ಕಡೆ ಆಳ, ಒಂದು ಕಡೆ ಇಲ್ಲವೇ ಇಲ್ಲ. ಆಸಿಡ್ ಹಾಕಿದ್ದು ಎಲ್ಲ ಕಡೆ ಒಂದೇ ಸಮ, ಸಿಡುಬಿನ ಕಲೆಯ ಹಾಗೆ. ಸವೆತವೂ ಹಾಗೇ: ಬೆರಳು ತಾಗುವ ಕಡೆ ಇರಬೇಕು, ತಾಗದ ಮೂಲೆಯಲ್ಲಿ ಇರಬಾರದು.

ಸಾರಂಗದ ತಲೆ, ಕೊಂಬಿನ ನಡುವೆ ಸ್ವಸ್ತಿಕ ಇದೆ. ಏನದು?

ನಾಜಿ ಕಾಲದ ಬೇಟೆಗಾರರ ಸಂಘದ ಗುರುತು, 1934ರಿಂದ 1945ರ ನಡುವಿನದು. ಇದರ ನಕಲು ವಿಪರೀತ. ಜರ್ಮನಿಯಲ್ಲಿ ಆ ಗುರುತನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ, ಸಂತೆಯಲ್ಲಿ ಅದರ ಮೇಲೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ನಾನು ಕೊಳ್ಳುವುದಿಲ್ಲ.

ಕ್ಲೀನ್ ಮಾಡಬಹುದಾ?

ಹುಣಸೆಹಣ್ಣು, ನಿಂಬೆಹಣ್ಣು, ಬ್ರಾಸೊ, ಉಪ್ಪುಕಾಗದ ಯಾವುದೂ ಬೇಡ. ಹಿತ್ತಾಳೆ ಚೊಂಬು ಬೆಳಗಿದ ಹಾಗೆ ಬೆಳಗಿದರೆ ಲೇಪ, ಸಣ್ಣ ಗೆರೆ, ಸವೆತದ ಗುರುತು ಎಲ್ಲ ಹೋಗುತ್ತದೆ. ಕಾಲ ಹೇಳುವ ಸಾಕ್ಷಿಯೇ ಅವು. ಹಗುರ ಹೊಲಿಗೆ ಮಿಷನ್ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ರಿನೇಸಾನ್ಸ್ ವ್ಯಾಕ್ಸ್ ತೆಳ್ಳಗೆ ಸವರಬಹುದು. ಅದು ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ ವಸ್ತುಗಳಿಗೆಂದೇ ರೂಪಿಸಿದ ಮೇಣ.

ಅಲಗನ್ನು ಚರ್ಮದ ಒರೆಯೊಳಗೆ ವರ್ಷಗಟ್ಟಲೆ ಇಡಬೇಡಿ. ಹದ ಮಾಡಿದ ಚರ್ಮದ ಹುಳಿಯೂ ತೇವವೂ ಸೇರಿ ಉಕ್ಕನ್ನು ತಿನ್ನುತ್ತವೆ. ಮಲೆನಾಡಿನ ಮಳೆಗಾಲದಲ್ಲಂತೂ ಒಂದೇ ತಿಂಗಳು ಸಾಕು, ಒರೆಗೆ ಬೂಷ್ಟು, ಅಲಗಿಗೆ ತುಕ್ಕು. ಆಯುಧಪೂಜೆಗೆ ಕುಂಕುಮ ಹಚ್ಚುವುದಿದ್ದರೆ ಒರೆಗೆ ಸುತ್ತಿದ ಬಟ್ಟೆಗೆ ಹಚ್ಚಿ. ಮಾವನ ಕತ್ತಿಯ ಅಲಗಿನಲ್ಲಿ ಪ್ರತಿ ವರ್ಷದ ಒದ್ದೆ ಕುಂಕುಮ ಬೆರಳಗಲದ ಕಪ್ಪು ಕಲೆ ಮಾಡಿಬಿಟ್ಟಿದೆ. ಅದು ಇನ್ನು ಹೋಗುವುದಿಲ್ಲ.

ಭಾರತಕ್ಕೆ ತರಬಹುದಾ?

ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿಗಳಿವೆ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳೂ ಇವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಕೆಲಸದವು ಮಾತ್ರ ಬೇರೆ. ಮೊದಲೇ ಕಸ್ಟಮ್ಸ್‌ನವರನ್ನೂ ಲೈಸೆನ್ಸ್ ಕೊಡುವ ಕಚೇರಿಯನ್ನೂ ಬರಹದಲ್ಲಿ ಕೇಳಿ. ದಂತದ ಹಿಡಿ ಇದ್ದರೆ ಆಸೆಯನ್ನೇ ಬಿಡಿ. ಈಗಾಗಲೇ ಭಾರತದಲ್ಲಿರುವ, ನೂರು ವರ್ಷ ದಾಟಿದ ಕತ್ತಿಯನ್ನು ಹೊರಗೆ ಕಳಿಸುವ ಮುನ್ನ ಪುರಾತತ್ವ ಇಲಾಖೆಯನ್ನು ಕೇಳಬೇಕು. ಪ್ರಾಚ್ಯವಸ್ತುಗಳಿಗೆ 1972ರ ಕಾನೂನು ಇದೆ.

ಒಳ್ಳೆಯ ಕತ್ತಿಗಳನ್ನು ಎಲ್ಲಿ ನೋಡಬಹುದು?

ಸೋಲಿಂಗೆನ್‌ನ ಗ್ರೇಫ್‌ರಾಟ್‌ನಲ್ಲಿ ಹಳೆಯ ಮಠದ ಕಟ್ಟಡದೊಳಗೆ ಜರ್ಮನ್ ಕತ್ತಿ ಮ್ಯೂಸಿಯಂ ಇದೆ. ಮ್ಯೂನಿಕ್‌ನಲ್ಲಿ ಬೇಟೆ ಮತ್ತು ಮೀನುಗಾರಿಕೆ ಮ್ಯೂಸಿಯಂ, ಪ್ಯಾರಿಸ್‌ನಲ್ಲಿ ಬೇಟೆ ಮತ್ತು ನಿಸರ್ಗ ಮ್ಯೂಸಿಯಂ, ಲಂಡನ್‌ನಲ್ಲಿ ವಾಲೆಸ್ ಕಲೆಕ್ಷನ್ ಇವೆ. ಹೋಗುವಾಗ ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ, ಬಳಸಬಹುದಾ ಅಂತ ಅಲ್ಲಿಯವರನ್ನು ಕೇಳಿ. ಗಾಜಿನ ಪೆಟ್ಟಿಗೆಯ ಬದಿಯಿಂದ ಓರೆಯಾಗಿ ಬೆಳಕು ಬಿಟ್ಟರೆ ಅಲಗಿನ ಮೇಲಿನ ನಾಯಿಯ ಕೂದಲೂ ಕಾಣುತ್ತದೆ.